ದೋಣಿಗೆ ಸೋಲಾರ್: ಪ್ಯಾನೆಲ್ ಕೊನೆಗೆ ಕೊಳ್ಳಿ

ಶಿರಾಳಕೊಪ್ಪದ ಸುತ್ತ ಮನೆಯ ಚಾವಣಿಗೆ, ತೋಟದ ಪಂಪ್‌ಸೆಟ್‌ಗೆ ಸೋಲಾರ್ ಹಾಕಿಸುವುದು ಈಗ ಹೊಸದೇನಲ್ಲ. ಅದೇ ಸಾಮಾನನ್ನು ದೋಣಿಗೆ ಜೋಡಿಸಲು ಹೊರಟರೆ ಮಾತ್ರ ಲೆಕ್ಕ ಬೇರೆಯಾಗುತ್ತದೆ. ಸಿಗಂದೂರಿನ ಹಾದಿಯ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2025ರ ಜುಲೈನಲ್ಲಿ ತೆರೆದ ಮೇಲೆ ಅಲ್ಲಿ ಲಾಂಚ್ ಕಾಯುವ ಪಾಡು ತಪ್ಪಿತು. ಆದರೆ ಅದೇ ಶರಾವತಿ ಹಿನ್ನೀರಿನಲ್ಲಿ ರಾತ್ರಿ ಬಲೆ ಬಿಡುವವರಿಗೆ ಬೆಳಕು ಬೇಕು, ಮೊಬೈಲ್‌ಗೆ ಚಾರ್ಜ್ ಬೇಕು, ದೋಣಿಯ ತಳದಲ್ಲಿ ನಿಂತ ನೀರನ್ನು ಹೊರಹಾಕಲು ಪಂಪ್ ಬೇಕು. ಸಾಮಾನ್ಯವಾಗಿ ಈ ಕೆಲಸ ಪ್ಯಾನೆಲ್ ಖರೀದಿಯಿಂದ ಶುರುವಾಗುತ್ತದೆ, ಬ್ಯಾಟರಿ ಆಮೇಲೆ ಬರುತ್ತದೆ, ವೈರು ಕೈಗೆ ಸಿಕ್ಕಿದ್ದು. ಆಗಬೇಕಾದ್ದು ಇದಕ್ಕೆ ತಿರುವುಮುರುವು. ಮೊದಲು ಬಳಕೆಯ ಲೆಕ್ಕ, ಅದರಿಂದ ಬ್ಯಾಟರಿ, ಬ್ಯಾಟರಿಯಿಂದ ಪ್ಯಾನೆಲ್. ಅಂಜನಾಪುರ ಜಲಾಶಯದಂಥ ಕಡೆ ತೆಪ್ಪದಲ್ಲಿ ಹೋಗಿಬರುವವರಿಗೆ ಇದ್ಯಾವುದೂ ಬೇಡ, ಒಳ್ಳೆಯ ಟಾರ್ಚ್ ಮತ್ತು ಪವರ್ ಬ್ಯಾಂಕ್ ಸಾಕು. ಇಲ್ಲಿನ ಮಾತು ಚಪ್ಪರವಿರುವ, ಎಂಜಿನ್ ಕೂರಿಸಿದ ಸಣ್ಣ ದೋಣಿಯದು.

ಒಂದು ಹಾಳೆ ತೆಗೆದುಕೊಂಡು ರಾತ್ರಿಯ ಬಳಕೆ ಬರೆಯಿರಿ. 5 ವ್ಯಾಟ್‌ನ ಮೂರು ಎಲ್‌ಇಡಿ ಬಲ್ಬ್ ನಾಲ್ಕು ಗಂಟೆ ಉರಿದರೆ 60 ವ್ಯಾಟ್-ಅವರ್. 20 ವ್ಯಾಟ್‌ನ ಸರ್ಚ್‌ಲೈಟ್ ಒಂದು ಗಂಟೆಗೆ 20, ಎರಡು ಮೊಬೈಲ್‌ಗೆ 30, 40 ವ್ಯಾಟ್‌ನ ನೀರೆತ್ತುವ ಪಂಪ್ ಅರ್ಧ ಗಂಟೆಗೆ 20, ಮೀನು ಪತ್ತೆ ಯಂತ್ರವಿದ್ದರೆ ಐದು ಗಂಟೆಗೆ 50. ಒಟ್ಟು 180. ವೈರಿನಲ್ಲಿ, ಬ್ಯಾಟರಿಯಲ್ಲಿ ಸೋರುವುದಕ್ಕೆ ಕಾಲುಭಾಗ ಸೇರಿಸಿ 225 ಎಂದಿಟ್ಟುಕೊಳ್ಳಿ. ಈ ಪಟ್ಟಿಯಲ್ಲಿ ಇನ್ವರ್ಟರ್ ಇಲ್ಲ, ಬೇಕಂತಲೇ ಬಿಟ್ಟದ್ದು. ಏನನ್ನೂ ನಡೆಸದೆ ಸುಮ್ಮನೆ ಆನ್ ಆಗಿರುವ ಇನ್ವರ್ಟರ್ 10 ವ್ಯಾಟ್ ತಿಂದರೂ ದಿನಕ್ಕೆ 240 ವ್ಯಾಟ್-ಅವರ್ ಖರ್ಚು, ಅಂದರೆ ಇಡೀ ರಾತ್ರಿಯ ದುಡಿಮೆಗಿಂತ ಹೆಚ್ಚು. ಒದ್ದೆ ದೋಣಿಯಲ್ಲಿ 230 ವೋಲ್ಟ್ ಇಟ್ಟುಕೊಳ್ಳುವುದು ಜೀವಕ್ಕೂ ಅಪಾಯ. ಎಲ್ಲವೂ 12 ವೋಲ್ಟ್‌ನದ್ದೇ ಇರಲಿ.

ಬಿಸಿಲಿಲ್ಲದ ಎರಡು ದಿನ ತಾಳಬೇಕೆಂದರೆ 450 ವ್ಯಾಟ್-ಅವರ್ ಕೈಯಲ್ಲಿರಬೇಕು. ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಸ್ಸು ಕುಗ್ಗುತ್ತದೆ, ಹಾಗಾಗಿ 12 ವೋಲ್ಟ್ 75 ಆಂಪಿಯರ್-ಅವರ್‌ನದ್ದು ಬೇಕು. ಲಿಥಿಯಂ ಐರನ್ ಫಾಸ್ಫೇಟ್ ಆದರೆ ಶೇ 80ರಷ್ಟು ಬಳಸಬಹುದು, 50 ಆಂಪಿಯರ್-ಅವರ್ ಸಾಕು. ಬೆಲೆ ಹೆಚ್ಚಾದರೂ ದೋಣಿಗೆ ಎರಡನೆಯದೇ ಒಪ್ಪುತ್ತದೆ, ಏಕೆಂದರೆ ತೂಕ ತೀರಾ ಕಡಿಮೆ, ವಾಲಿದರೆ ಆಸಿಡ್ ಚೆಲ್ಲುವ ಭಯವಿಲ್ಲ. ಯಾವುದೇ ಆಗಲಿ, ದೋಣಿಯ ನಡುವೆ, ಆದಷ್ಟು ಕೆಳಗೆ, ಆದರೆ ತಳದ ನೀರು ಮುಟ್ಟದಷ್ಟು ಎತ್ತರದಲ್ಲಿ ಪೆಟ್ಟಿಗೆಯೊಳಗಿಟ್ಟು ಪಟ್ಟಿ ಬಿಗಿಯಿರಿ. ಲೆಡ್-ಆಸಿಡ್ ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವುದರಿಂದ ಆ ಪೆಟ್ಟಿಗೆಗೆ ಗಾಳಿ ಆಡಬೇಕು, ಪೆಟ್ರೋಲ್ ಕ್ಯಾನು ಅದರ ಹತ್ತಿರವೂ ಸುಳಿಯಬಾರದು.

ಇನ್ನು ಪ್ಯಾನೆಲ್. ಬೇಸಿಗೆಯಲ್ಲಿ ದಿನಕ್ಕೆ ನಾಲ್ಕೂವರೆ–ಐದು ಗಂಟೆಯ ಪೂರ್ಣ ಬಿಸಿಲಿನಷ್ಟು ಉತ್ಪಾದನೆ ಸಿಕ್ಕರೂ, ಮಲೆನಾಡಿನ ಜಿಟಿಜಿಟಿ ಮಳೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ನಂಬಬಾರದು. ಲೆಕ್ಕ ಹಿಡಿಯಬೇಕಾದ್ದು ಈ ಎರಡು ಗಂಟೆಯನ್ನೇ. 225ನ್ನು ಎರಡರಿಂದ ಭಾಗಿಸಿದರೆ 112, ಕೊಳೆ–ಕಾವಿಗೆ ಸ್ವಲ್ಪ ಸೇರಿಸಿದರೆ 150 ವ್ಯಾಟ್‌ನ ಒಂದು ಪ್ಯಾನೆಲ್. ‘ಮಳೆಗಾಲದಲ್ಲಿ ಸೋಲಾರ್ ದಂಡ’ ಎನ್ನುವವರಿಗೆ ಉತ್ತರವೂ ಇದರಲ್ಲೇ ಇದೆ. ದಂಡವಾಗುವುದು ಬೇಸಿಗೆಯ ಅಳತೆಗೆ ಕೊಂಡ ಪ್ಯಾನೆಲ್. ನಮ್ಮಲ್ಲಿ ಮನೆ ಮೇಲಿನ ಪ್ಯಾನೆಲ್‌ಗಳು ದಕ್ಷಿಣಕ್ಕೆ ಸುಮಾರು 14 ಡಿಗ್ರಿ ಓರೆಯಾಗಿರುತ್ತವೆ, ನಮ್ಮ ಅಕ್ಷಾಂಶವೇ ಅಷ್ಟು. ದಿಕ್ಕು ಬದಲಿಸುತ್ತಲೇ ಇರುವ ದೋಣಿಯಲ್ಲಿ ಅದನ್ನು ಚಪ್ಪರದ ಮೇಲೆ ಮಟ್ಟಸವಾಗಿ ಮಲಗಿಸಿ. ನಷ್ಟ ಅಲ್ಪ. ನಿಜವಾದ ನಷ್ಟ ಬರುವುದು ನೆರಳಿನಿಂದ. ಧ್ವಜದ ಕೋಲೊಂದರ ನೆರಳು ಕೆಲವೇ ಸೆಲ್‌ಗಳ ಮೇಲೆ ಬಿದ್ದರೂ ಉತ್ಪಾದನೆ ಥಟ್ಟನೆ ಇಳಿಯುತ್ತದೆ, ಏಕೆಂದರೆ ಸೆಲ್‌ಗಳೆಲ್ಲ ಒಂದೇ ಸರಪಳಿಯಲ್ಲಿವೆ. ಗಂಟೆಗೆ 60 ಕಿ.ಮೀ. ಗಾಳಿ ಒಂದು ಚದರ ಮೀಟರ್ ಹಲಗೆಯನ್ನು ಸುಮಾರು 17 ಕೆ.ಜಿ. ಭಾರದಷ್ಟು ಒತ್ತುತ್ತದೆ. ಹಗ್ಗದಿಂದ ಕಟ್ಟದೆ ಸ್ಟೀಲ್ ಬೋಲ್ಟ್, ಲಾಕ್ ನಟ್ ಹಾಕಿ. ಅಲ್ಯೂಮಿನಿಯಂ ಚೌಕಟ್ಟಿಗೂ ಸ್ಟೀಲಿಗೂ ನಡುವೆ ನೈಲಾನ್ ವಾಷರ್ ಇರಲಿ, ಇಲ್ಲದಿದ್ದರೆ ತೇವದಲ್ಲಿ ಅಲ್ಯೂಮಿನಿಯಂ ಸವೆದುಹೋಗುತ್ತದೆ.

ಹೆಚ್ಚಿನ ತೊಂದರೆ ಹುಟ್ಟುವುದು ವೈರಿಂಗ್‌ನಲ್ಲಿ. 10 ಆಂಪಿಯರ್ ಕರೆಂಟ್ ಐದು ಮೀಟರ್ ಹೋಗಿ ಐದು ಮೀಟರ್ ಮರಳುವಾಗ 2.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ಮುಕ್ಕಾಲು ವೋಲ್ಟ್ ಹೋಗುತ್ತದೆ. ಮನೆಯ 230 ವೋಲ್ಟ್‌ನಲ್ಲಿ ಅದು ಗಮನಕ್ಕೇ ಬರದು, 12 ವೋಲ್ಟ್‌ನಲ್ಲಿ ಶೇ 6ರಷ್ಟು ನಷ್ಟ. 6 ಚದರ ಮಿ.ಮೀ. ವೈರು ಹಾಕಿದರೆ ಅದು ಅರ್ಧಕ್ಕೂ ಕಡಿಮೆಯಾಗುತ್ತದೆ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಕಡ್ಡಾಯ. ಮನೆಯ ಎಸಿ ಎಂಸಿಬಿ ಇಲ್ಲಿ ನಡೆಯದು, ಡಿಸಿ ಕಿಡಿ ಸುಲಭವಾಗಿ ಆರುವುದಿಲ್ಲ, ಡಿಸಿಗೆಂದೇ ಮಾಡಿದ್ದನ್ನು ಕೇಳಿ ಪಡೆಯಿರಿ. ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ ಕೂರುವ ಚಾರ್ಜ್ ಕಂಟ್ರೋಲರ್ 20 ಆಂಪಿಯರ್‌ನ ಎಂಪಿಪಿಟಿ ಮಾದರಿಯದಿರಲಿ, ಮೋಡದ ದಿನ ಅಗ್ಗದ ಪಿಡಬ್ಲ್ಯುಎಂ ಮಾದರಿಗಿಂತ ಅದು ಹೆಚ್ಚು ಹಿಂಡಿಕೊಳ್ಳುತ್ತದೆ. ಜೋಡಿಸುವಾಗ ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಈ ಕ್ರಮ ತಪ್ಪಿದರೆ ಕಂಟ್ರೋಲರ್ ಸುಡುವ ಸಂಭವವಿದೆ.

ಇಷ್ಟು ಮಾಡುವಾಗ ಎಂಜಿನ್ನನ್ನೂ ಸೋಲಾರ್‌ನಲ್ಲೇ ಓಡಿಸಬಾರದೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಕೇರಳದಲ್ಲಿ ‘ಆದಿತ್ಯ’ ಎಂಬ 75 ಆಸನಗಳ ದೋಣಿ 2017ರಿಂದ ವೈಕಂ–ತವಣಕಡವು ನಡುವೆ ಓಡುತ್ತಿರುವುದು ನಿಜ. ಅದರ ಚಾವಣಿ ತುಂಬ 20 ಕಿಲೋವ್ಯಾಟ್ ಪ್ಯಾನೆಲ್, ಜೊತೆಗೆ 50 ಕಿಲೋವ್ಯಾಟ್-ಅವರ್ ಬ್ಯಾಟರಿ, ಹಗುರಾದ ಜೋಡಿ ಒಡಲು, ನಿಗದಿತ ಕಿರುದಾರಿ ಇವೆ. ನಮ್ಮ ದೋಣಿಯ 10 ಎಚ್‌ಪಿ ಎಂಜಿನ್ ಪೂರ್ಣ ವೇಗದಲ್ಲಿ ಒಂದು ಗಂಟೆಗೆ ಕೊಡುವ ಶಕ್ತಿ ಏಳೂವರೆ ಕಿಲೋವ್ಯಾಟ್-ಅವರ್. 150 ವ್ಯಾಟ್ ಪ್ಯಾನೆಲ್ ಅಷ್ಟನ್ನು ಕೂಡಿಸಲು ಎರಡು ವಾರದ ಬಿಸಿಲು ಬೇಕು. ಹಳೆಯ ದೋಣಿಗೆ ಎಂಜಿನ್ ಇರಲಿ, ಬೆಳಕು ಮತ್ತು ಪಂಪ್‌ಗೆ ಸೂರ್ಯನಿರಲಿ. ಬ್ಯಾಟರಿಯನ್ನು ಮನೆಗೊಯ್ದು ಚಾರ್ಜ್ ಮಾಡಿದರಾಯಿತು ಎಂಬ ಮಾತಿನಲ್ಲೂ ಹುರುಳಿದೆ, ವಾರಕ್ಕೊಮ್ಮೆ ನೀರಿಗಿಳಿಯುವವರು ಹಾಗೇ ಮಾಡಲಿ. ದಿನವೂ ಹೋಗುವವರು ಒಂದು ದಿನ ಬೇಸರಿಸಿ ದೋಣಿಯಲ್ಲೇ ಬಿಡುತ್ತಾರೆ, ಅರ್ಧ ಇಳಿದ ಲೆಡ್-ಆಸಿಡ್ ಬ್ಯಾಟರಿಯ ತಟ್ಟೆಗಳಿಗೆ ಸಲ್ಫೇಟ್ ಕಟ್ಟುತ್ತದೆ, ಎರಡೇ ಹಂಗಾಮಿಗೆ ಹೊಸ ಬ್ಯಾಟರಿ ಬೇಕಾಗುತ್ತದೆ.

ಹಾಕಿದ ಮೇಲೆ ತಿಂಗಳಿಗೊಮ್ಮೆ ಒಂದಿಷ್ಟು ಕೆಲಸವಿದೆ. ಪ್ಯಾನೆಲ್ ಮೇಲಿನ ಹಕ್ಕಿ ಹಿಕ್ಕೆಯನ್ನು ಬೆಳಗಿನ ತಂಪಿನಲ್ಲಿ ಒದ್ದೆ ಬಟ್ಟೆಯಿಂದ ಒರೆಸಿ. ಎಂಜಿನ್‌ನ ಅದುರುವಿಕೆಗೆ ಸಡಿಲಾದ ನಟ್‌ಗಳನ್ನು ಬಿಗಿಯಿರಿ. ಟರ್ಮಿನಲ್‌ನಲ್ಲಿ ಹಸಿರು ಕಿಲುಬು ಕಂಡರೆ ಉಜ್ಜಿ ತೆಗೆದು ಪೆಟ್ರೋಲಿಯಂ ಜೆಲ್ಲಿ ಹಚ್ಚಿ. ಲೆಡ್-ಆಸಿಡ್ ಆದರೆ ಡಿಸ್ಟಿಲ್ಡ್ ವಾಟರ್‌ನ ಮಟ್ಟ ನೋಡಿ, ಹೊಳೆಯ ನೀರನ್ನು ಎಂದೂ ಸುರಿಯಬೇಡಿ.