ಕೆಮ್ಮಿನಲ್ಲಿ ರಕ್ತ: ಟಿಬಿಯೊಂದೇ ಕಾರಣವಲ್ಲ

ಏಳು ವರ್ಷದ ಮಗನ ಕಫದಲ್ಲಿ ರಕ್ತ ಕಂಡಿದೆ, ಇದು ಟಿಬಿಯೇ ಎಂದು ಮಸ್ಕಿಯ ತಾಯಿಯೊಬ್ಬರು ಕೇಳಿದ್ದಾರೆ. ಇರಬಹುದು. ಆದರೆ ಮಕ್ಕಳಲ್ಲಿ ನ್ಯುಮೋನಿಯಾದಂಥ ಬೇರೆ ಸೋಂಕುಗಳೂ ಸಾಮಾನ್ಯ ಕಾರಣಗಳೇ.

ರಕ್ತ ಎಲ್ಲಿಂದ ಬಂತೆಂಬುದು ಮೊದಲ ಪ್ರಶ್ನೆ. ಮೂಗಿನಿಂದ ಗಂಟಲಿಗಿಳಿದ ರಕ್ತವೂ ಕೆಮ್ಮಿನೊಂದಿಗೆ ಬರುತ್ತದೆ. ಶ್ವಾಸಕೋಶದ್ದು ಹೆಚ್ಚಾಗಿ ಕೆಂಪಗೆ, ನೊರೆಯಾಗಿರುತ್ತದೆ. ಹೊಟ್ಟೆಯದು ಕಪ್ಪಾಗಿ ವಾಂತಿಯಲ್ಲಿ ಬರುತ್ತದೆ. ಚಿಕ್ಕ ಮಕ್ಕಳು ಕಫ ನುಂಗಿಬಿಡುವುದರಿಂದ ರಕ್ತ ಕಣ್ಣಿಗೆ ಬೀಳುವುದೇ ಕಡಿಮೆ. ಹೀಗೆ ಕಣ್ಣಿಗೆ ಕಾಣದೆ ರಕ್ತ ಹೋಗುತ್ತಿರಬಹುದು; ಆದ್ದರಿಂದ ಮಗು ಬಿಳಿಚಿಕೊಂಡು ಪದೇ ಪದೇ ಕೆಮ್ಮುತ್ತಿದ್ದರೆ ಬರೀ ಕಬ್ಬಿಣದ ಟಾನಿಕ್ ಕೊಟ್ಟು ಸುಮ್ಮನಿರುವುದು ತಪ್ಪು.

ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಇನ್ನೊಂದನ್ನೂ ಕೇಳಲೇಬೇಕು: ತಿನ್ನುವಾಗ ಹುಡುಗ ಎಂದಾದರೂ ಉಸಿರುಗಟ್ಟಿ ಕೆಮ್ಮಿದ್ದನೇ? ಶ್ವಾಸನಾಳದಲ್ಲಿ ಸಿಕ್ಕ ಕಾಳು ಎಕ್ಸ್‌ರೇಯಲ್ಲಿ ಕಾಣದೆ ವಾರಗಟ್ಟಲೆ ಕಾಡಬಹುದು. ಅದನ್ನು ಶ್ವಾಸನಾಳಕ್ಕೆ ಕೊಳವೆ ಇಳಿಸಿ ನೋಡುವ ಬ್ರಾಂಕೋಸ್ಕೋಪಿಯಿಂದಲೇ ತೆಗೆಯಬೇಕು.

ಎರಡು ವಾರ ದಾಟಿದ ಕೆಮ್ಮು, ಜ್ವರ, ತೂಕ ಇಳಿಕೆ, ಮನೆಯಲ್ಲೊಬ್ಬ ಟಿಬಿ ರೋಗಿ: ಇವುಗಳಲ್ಲಿ ಯಾವುದಿದ್ದರೂ ಟಿಬಿ ಪರೀಕ್ಷೆ ಆಗಲಿ. ಕಫ ಬಾರದಿದ್ದರೆ ಜಠರದ ದ್ರವದಲ್ಲೂ ಪತ್ತೆ ಸಾಧ್ಯ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆ, ಔಷಧ ಉಚಿತ. ನಿಕ್ಷಯ ಪೋಷಣ್ ಯೋಜನೆಯಡಿ ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ 1000 ರೂಪಾಯಿ ಸಿಗುತ್ತದೆ.

ಕೆಮ್ಮು ತಡೆಯುವ ಸಿರಪ್ ಬೇಡ. ತಾಯಿ ಇಂದೇ ಮಗನನ್ನು ಮಸ್ಕಿಯ ಸರ್ಕಾರಿ ಆಸ್ಪತ್ರೆಗೆ ತೋರಿಸಲಿ. ಅಗತ್ಯವಿದ್ದರೆ ಅಲ್ಲಿಂದ ರಾಯಚೂರಿನ ರಿಮ್ಸ್‌ಗೆ ಕಳಿಸುತ್ತಾರೆ. ರಕ್ತ ಹೆಚ್ಚಾದರೆ, ಉಸಿರಾಟ ಕಷ್ಟವಾದರೆ ಕಾಯದೆ 108ಕ್ಕೆ ಕರೆ ಮಾಡಿ.