ಗಾಜಿನ ತೊಟ್ಟಿಯ ಜೀವಿಗೆ ನಾವೇ ಹೊಣೆ

ಮನೆಯಲ್ಲಿ ಮೀನು ಸಾಕಬೇಕೆಂದು ಮಕ್ಕಳು ಹಟ ಹಿಡಿಯುವುದು ಹೊಸದಲ್ಲ. ಈಗ ಅವರ ಬಾಯಲ್ಲಿ ಬೇರೊಂದು ಹೆಸರಿದೆ: ಆಕ್ಸೊಲಾಟಲ್. 2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ವೀಡಿಯೋ ಆಟಕ್ಕೆ ಸೇರಿಸಲ್ಪಟ್ಟ ಮೇಲೆ ಈ ನಗುಮುಖದ ಜೀವಿ ಮಕ್ಕಳ ಮನ ಸೆಳೆದಿದೆ. ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡದ ಕಡೆಯ ತಂದೆತಾಯಿಗಳೇ, ಹಣ ಕೊಡುವ ಮುನ್ನ ಸ್ವಲ್ಪ ಯೋಚಿಸಿರಿ.

ಪ್ರಾಣಿ ಸಾಕುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಅನಸ್(ರ)ರ ಪುಟ್ಟ ತಮ್ಮ ಅಬೂ ಉಮೈರ್ ಒಂದು ಸಣ್ಣ ಹಕ್ಕಿಯೊಂದಿಗೆ ಆಡುತ್ತಿದ್ದನು. ಅದು ಸತ್ತಾಗ ಪ್ರವಾದಿವರ್ಯರು(ಸ) ಬಾಲಕನನ್ನು ಅಕ್ಕರೆಯಿಂದ ಮಾತನಾಡಿಸಿದರು. ಹಕ್ಕಿ ಸಾಕಿದ್ದನ್ನು ಆಕ್ಷೇಪಿಸಲಿಲ್ಲ. ಆದರೆ ಬುಖಾರಿ ಮತ್ತು ಮುಸ್ಲಿಮ್‌ನಲ್ಲಿರುವ ಇನ್ನೊಂದು ಹದೀಸನ್ನೂ ಜೊತೆಗಿಟ್ಟು ನೋಡಿರಿ. ಬೆಕ್ಕೊಂದನ್ನು ಕೂಡಿಹಾಕಿದ ಸ್ತ್ರೀ ಶಿಕ್ಷೆಗೆ ಗುರಿಯಾದಳು. ಅವಳು ಅದನ್ನು ಹೊಡೆದಳೆಂದು ಅಲ್ಲಿ ಹೇಳಿಲ್ಲ. ತಾನು ಉಣಿಸಲಿಲ್ಲ, ಹೊರಗೆ ಹೋಗಿ ಹುಳುಹುಪ್ಪಟೆ ತಿನ್ನಲೂ ಬಿಡಲಿಲ್ಲ, ಅಷ್ಟೇ. ಕೂಡಿಹಾಕಿದವರ ಮೇಲೆ ಆ ಜೀವಿಯ ಸಕಲ ಅಗತ್ಯಗಳೂ ಬೀಳುತ್ತವೆ. ಗಾಜಿನ ತೊಟ್ಟಿಯಲ್ಲಿರುವ ಜೀವಿಗೆ ಆಹಾರದಷ್ಟೇ ಮುಖ್ಯವಾದದ್ದು ನೀರು. ಅದು ಕಾದರೂ ಕೆಟ್ಟರೂ ಜೀವಿ ಓಡಿಹೋಗಲಾರದು.

ಆಕ್ಸೊಲಾಟಲ್ ಮೀನಲ್ಲ, ಕಪ್ಪೆಯಂತೆ ಉಭಯವಾಸಿಗಳ ಗುಂಪಿನದು. ಗೊದಮೊಟ್ಟೆಯಂತೆ ಕಿವಿರುಗಳನ್ನು ಉಳಿಸಿಕೊಂಡೇ ಬೆಳೆದು ಜೀವಮಾನವಿಡೀ ನೀರಿನಲ್ಲಿರುತ್ತದೆ. ಅದರ ತವರು ಮೆಕ್ಸಿಕೋ ನಗರದ ಸೊಚಿಮಿಲ್ಕೊ ಸರೋವರ, ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಮೇಲಿನ ತಂಪು ನಾಡು. ನೀರು 16ರಿಂದ 18 ಡಿಗ್ರಿ ಇದ್ದರೆ ಅದಕ್ಕೆ ಸುಖ. 24 ದಾಟಿ ಹಾಗೆಯೇ ನಿಂತರೆ ಊಟ ಬಿಡುತ್ತದೆ, ಕಾಯಿಲೆ ಬೀಳುತ್ತದೆ. ಪಾವಗಡದ ಏಪ್ರಿಲನ್ನು ನೆನೆಯಿರಿ. ಅಲ್ಲಿನ ಬಿಸಿಲನ್ನು ನಂಬಿಯೇ ತಿರುಮಣಿಯ ಸುತ್ತ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಕಟ್ಟಿದ್ದಾರೆ! ಫ್ಯಾನ್ ಗಾಳಿಗೆ ನೀರು ಎರಡು ಮೂರು ಡಿಗ್ರಿ ಇಳಿದೀತು. ಐಸ್ ಬಾಟಲಿ ತೇಲಿಬಿಟ್ಟರೆ ಮಧ್ಯಾಹ್ನ ತಣಿದು ಸಂಜೆಗೆ ಮತ್ತೆ ಕಾಯುತ್ತದೆ. ಆ ಏರಿಳಿತವೇ ಇನ್ನೊಂದು ಹಿಂಸೆ. ನೀರನ್ನು ತಂಪಿಡುವ ಚಿಲ್ಲರ್ ಯಂತ್ರ, ಕರೆಂಟು ಹೋದಾಗ ಅದನ್ನು ನಡೆಸುವ ಏರ್ಪಾಡು, ಇವೆರಡೂ ಇಲ್ಲದೆ ನಮ್ಮ ತಾಲೂಕುಗಳಿಗೆ ಇದನ್ನು ತರಬೇಡಿರಿ. ಹತ್ತು ಹದಿನೈದು ವರ್ಷ ಬದುಕುವ ಜೀವಿ. ಅಷ್ಟು ಬೇಸಿಗೆಗಳನ್ನು ಲೆಕ್ಕ ಹಾಕಿರಿ.

ಈಗಾಗಲೇ ಮನೆಯಲ್ಲಿದ್ದರೆ ತೊಟ್ಟಿಯ ತಳಕ್ಕೆ ಸಣ್ಣ ಕಲ್ಲು ಹಾಕಬೇಡಿರಿ, ನುಂಗಿಬಿಡುತ್ತದೆ. ಅದಕ್ಕೆ ರೆಪ್ಪೆಗಳಿಲ್ಲ, ಪ್ರಖರ ಬೆಳಕು ಬೇಡ, ಅಡಗಿಕೊಳ್ಳಲು ಜಾಗವಿರಲಿ. ಔಷಧಿ ಸಿಂಪಡಿಸದ ಮಣ್ಣಿನ ಎರೆಹುಳು ಒಳ್ಳೆಯ ಆಹಾರ. ಬೆಳೆದದ್ದಕ್ಕೆ ಎರಡು ಮೂರು ದಿನಕ್ಕೊಮ್ಮೆ ಸಾಕು. ಅಂತಾರಾಷ್ಟ್ರೀಯ ವ್ಯಾಪಾರ ನಿಯಂತ್ರಣದ ಪಟ್ಟಿಯಲ್ಲಿರುವ ಜೀವಿಯಾದ್ದರಿಂದ, 2024ರ ಕೇಂದ್ರ ನಿಯಮಗಳಂತೆ ಸಾಕುವವರು ಪರಿವೇಶ್ ಪೋರ್ಟಲ್ ಮೂಲಕ ಅದನ್ನು ನೋಂದಾಯಿಸಬೇಕು.

ನೀರಿನ ಮಾತು ಮಾತ್ರ ಎಲ್ಲ ತೊಟ್ಟಿಗಳಿಗೂ ಒಂದೇ. ಜೀವಿಗಳ ಮಲದಿಂದ ಅಮೋನಿಯಾ ಎಂಬ ವಿಷ ಹುಟ್ಟುತ್ತದೆ. ಫಿಲ್ಟರಿನ ಸ್ಪಂಜಿನಲ್ಲಿ ಬೆಳೆಯುವ ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೈಟ್ ಆಗಿಯೂ, ಕೊನೆಗೆ ಅಷ್ಟು ಹಾನಿಯಿಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಅವು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಖಾಲಿ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಫಿಲ್ಟರ್ ಓಡಿಸಿರಿ. ಇದನ್ನರಿಯದೆ ನಾನೊಮ್ಮೆ ಗೋಲ್ಡ್‌ಫಿಶ್ ತೊಟ್ಟಿಯ ಸ್ಪಂಜನ್ನು ನಲ್ಲಿಯ ಕೆಳಗೆ ಉಜ್ಜಿ ತೊಳೆದು, ನೀರನ್ನೂ ಪೂರ್ತಿ ಬದಲಿಸಿದೆ. ಮೂರನೇ ದಿನ ಮೂರು ಮೀನೂ ತೇಲಿದವು. ಮಗಳು ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಬೇಕು. ವಾರಕ್ಕೆ ಕಾಲುಭಾಗ ನೀರು ಮಾತ್ರ ಬದಲಿಸಬೇಕು. ಕ್ಲೋರಿನ್ ಬೆರೆತ ನಲ್ಲಿ ನೀರನ್ನು ಬಕೆಟಿನಲ್ಲಿ ಒಂದು ದಿನ ತೆರೆದಿಟ್ಟು ಬಳಸಿರಿ.

ಮಗುವಿಗೆ ಇಲ್ಲವೆಂದಷ್ಟೇ ಹೇಳಿ ಸುಮ್ಮನಾಗಬೇಕಿಲ್ಲ. ನಮ್ಮ ಬೋರ್‌ವೆಲ್‌ಗಳ ಗಡಸು ನೀರು ಗಪ್ಪಿ, ಮೋಲಿ ಮೀನುಗಳಿಗೆ ಒಗ್ಗುತ್ತದೆ. ಸೆಕೆಯನ್ನೂ ಅವು ಆಕ್ಸೊಲಾಟಲ್‌ಗಿಂತ ಎಷ್ಟೋ ಚೆನ್ನಾಗಿ ತಾಳುತ್ತವೆ.

ಇನ್ನೊಂದು ಮಾತು. ಸಾಕಿ ಬೇಸರವಾಯಿತೆಂದು ಯಾವುದನ್ನೂ ಊರ ಕೆರೆಗೆ ಬಿಡಬೇಡಿರಿ. ಸೊಚಿಮಿಲ್ಕೊದಲ್ಲಿ ಆಕ್ಸೊಲಾಟಲ್ ಅಳಿವಿನಂಚಿಗೆ ಬರಲು ಕೊಳಕು ನೀರಿನ ಜೊತೆಗೆ, ಹೊರಗಿನಿಂದ ತಂದುಬಿಟ್ಟ ಕಾರ್ಪ್ ಮತ್ತು ತಿಲಾಪಿಯಾ ಮೀನುಗಳೂ ಕಾರಣ. ಇಟ್ಟುಕೊಳ್ಳಲಾಗದಿದ್ದರೆ ಸಾಕಬಲ್ಲ ಇನ್ನೊಬ್ಬರನ್ನು ಹುಡುಕಿ, ಅವರ ತೊಟ್ಟಿಯ ನೀರನ್ನು ನೋಡಿದ ಮೇಲೆ ಕೊಡಿರಿ.