ಮಾರಾಟಕ್ಕಿಟ್ಟ ಮನೆಗೆ ಹೊರಗಿನ ದೀಪ

ಮನೆ ನೋಡಲು ಬರುವವರಲ್ಲಿ ಹೆಚ್ಚಿನವರು ನೌಕರಿಯವರು. ಭಾನುವಾರ ಬಿಟ್ಟರೆ ಅವರಿಗೆ ಬಿಡುವಾಗುವುದು ಸಂಜೆಯ ಮೇಲೇ. ಮೈಸೂರಿನ ಕುವೆಂಪುನಗರದಲ್ಲಿದ್ದ ಅಪ್ಪನ ಮನೆಯನ್ನು ನಾವು ಮಾರಾಟಕ್ಕಿಟ್ಟದ್ದು ನವೆಂಬರಿನಲ್ಲಿ. ಆ ತಿಂಗಳು ಅಲ್ಲಿ ಆರು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಪೋರ್ಟಿಕೊದಲ್ಲಿ ಒಂದು ಟ್ಯೂಬ್‌ಲೈಟ್ ಬಿಟ್ಟರೆ ಹೊರಗೆಲ್ಲ ಕತ್ತಲೆ. ಬಂದವರು ಮೊಬೈಲ್ ಟಾರ್ಚ್ ಹಿಡಿದು, ಸಂಪಿನ ಮುಚ್ಚಳ ತಪ್ಪಿಸಿ, ಮೆಟ್ಟಿಲು ಹುಡುಕಿಕೊಂಡು ಬಾಗಿಲಿಗೆ ಬರುತ್ತಿದ್ದರು. ‘ಮನೆ ತುಂಬಾ ಹಳೇದಾ ಸಾರ್?’ ಎಂಬುದೇ ಮೊದಲ ಪ್ರಶ್ನೆ. ಗೋಡೆ ಗಟ್ಟಿಯಾಗಿತ್ತು, ತಾರಸಿ ಸೋರುತ್ತಿರಲಿಲ್ಲ. ಅದನ್ನು ಹೇಳುವ ಮೊದಲೇ ಅವರು ಮನಸ್ಸಿನಲ್ಲಿ ಬೆಲೆ ಇಳಿಸಿಕೊಂಡಿರುತ್ತಿದ್ದರು.

ಕಾಂಪೌಂಡಿನ ಸುತ್ತ ಅಲಂಕಾರದ ದೀಪ, ತೆಂಗಿನ ಬುಡಕ್ಕೆ ಬಣ್ಣದ ಬೆಳಕು ಹಾಕಿಸಿ ಎಂದರು ಬ್ರೋಕರ್. ನಾನು ಒಪ್ಪಲಿಲ್ಲ. ಕೊಂಡವರು ಮರುತಿಂಗಳೇ ಕಿತ್ತುಹಾಕಬಹುದಾದ ವಸ್ತುವಿಗೆ ದುಡ್ಡು ಸುರಿಯಬಾರದು. ನಾವು ಆರಿಸಿಕೊಂಡದ್ದು ಕಾಲಿಡುವ, ಕಣ್ಣು ಹಾಯುವ ಜಾಗಗಳನ್ನು ಮಾತ್ರ: ಗೇಟಿನ ಎರಡು ಕಂಬ, ಮನೆ ನಂಬರಿನ ಫಲಕ, ಮೆಟ್ಟಿಲು, ಮೋಟಾರಿನ ಕಡೆ ಹೋಗುವ ಓಣಿ. ಎಲ್ಲ 9 ವಾಟಿನ ಎಲ್‌ಇಡಿ. ಬಿಳಿ ಬೆಳಕಲ್ಲ, ಪೊಟ್ಟಣದ ಮೇಲೆ 3000 ಕೆಲ್ವಿನ್ ಎಂದಿರುವ ಹಳದಿ ಛಾಯೆಯದು. ಹಳೆಯ ಗಾರೆಯ ಗೋಡೆ ಬಿಳಿ ಬೆಳಕಿನಲ್ಲಿ ಬೂದಿ ಬಡಿದಂತೆ ಕಾಣುತ್ತದೆ, ಇದರಲ್ಲಿ ಹಾಗಾಗುವುದಿಲ್ಲ. ಮಳೆ ಬೀಳುವ ಕಡೆ ಐಪಿ 65 ಗುರುತಿನ ಫಿಟ್ಟಿಂಗ್ ಹಾಕಿಸಿದೆವು. ಎಲೆಕ್ಟ್ರಿಷಿಯನ್ ಅರ್ತಿಂಗ್ ಪರೀಕ್ಷಿಸಿ, ಕರೆಂಟ್ ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸಿದರು. ಒಟ್ಟು ಖರ್ಚು ಒಂಬತ್ತು ಸಾವಿರದೊಳಗೆ. ಅದರಲ್ಲಿ ದೊಡ್ಡ ಪಾಲು ವೈರಿಂಗಿನದೇ. ಅಲ್ಲಿ ಮಾತ್ರ ಜಿಪುಣತನ ಬೇಡ, ಒದ್ದೆ ಗೇಟು ಮುಟ್ಟುವವರ ಜೀವದ ಪ್ರಶ್ನೆ ಅದು. ಐದು ಬಲ್ಬು ದಿನಕ್ಕೆ ಐದು ಗಂಟೆ ಉರಿದರೂ ತಿಂಗಳಿಗೆ ಏಳು ಯೂನಿಟ್ ಆಗುವುದಿಲ್ಲ.

ಕಾಂಪೌಂಡಿನ ಬುಡದಲ್ಲಿ ಒಂದು ಕಡೆ ತೇವದ ಕಲೆಯಿತ್ತು. ಅಲ್ಲಿಗೂ ಬೆಳಕು ಬೀಳುವಂತೆ ಬಿಟ್ಟೆವು. ಕೊಳ್ಳುವವರು ಆಮೇಲೆ ಕಂಡುಹಿಡಿದರೆ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ದೀಪದಿಂದ ನಮಗೆ ಹೆಚ್ಚಿನ ಬೆಲೆ ಬರಲಿಲ್ಲ. ಚೌಕಾಸಿಯೂ ತಪ್ಪಲಿಲ್ಲ. ಆದರೆ ಬಂದವರ ಪ್ರಶ್ನೆ ಬದಲಾಯಿತು. ಮನೆ ಎಷ್ಟು ಹಳೆಯದು ಎನ್ನುವ ಬದಲು ಖಾತೆ ಯಾರ ಹೆಸರಿನಲ್ಲಿದೆ, ಬ್ಯಾಂಕ್ ಸಾಲ ಸಿಗುತ್ತದೆಯೇ ಎಂದು ಕೇಳತೊಡಗಿದರು. ಕೊಳ್ಳುವ ಮನಸ್ಸಿದ್ದವರು ಕೇಳುವ ಪ್ರಶ್ನೆಗಳು ಅವು.

ತೆರಿಗೆಯ ಮಾತೂ ಒಂದಿದೆ. ಬರೀ ಬಲ್ಬು ಬದಲಿಸಿದರೆ ಅದು ದುರಸ್ತಿ. ಬಂಡವಾಳ ಲಾಭ ಲೆಕ್ಕ ಹಾಕುವಾಗ ಅದನ್ನು ಮನೆ ಸುಧಾರಣೆಯ ವೆಚ್ಚವೆಂದು ಕಳೆಯಲು ಬರುವುದಿಲ್ಲ. ಆದ್ದರಿಂದ ದೀಪದ ಖರ್ಚು ತೆರಿಗೆಯಲ್ಲಿ ಕಳೆಯುತ್ತದೆಂದು ಎಣಿಸದೆ, ಕೈಯಿಂದ ಹೋಗುವ ಹಣಕ್ಕೆ ಮೊದಲೇ ಮಿತಿ ಹಾಕಿಕೊಳ್ಳಿ. ಜಾಹೀರಾತು ಕೊಡುವ ಮುನ್ನ ಒಂದು ಸಂಜೆ ಏಳು ಗಂಟೆಗೆ ಎದುರು ರಸ್ತೆಯಲ್ಲಿ ನಿಂತು ನಿಮ್ಮ ಮನೆಯನ್ನು ನೋಡಿ. ಎಲ್ಲಿ ಕಾಲಿಡಲು ನಿಮಗೇ ಅನುಮಾನವಾಗುತ್ತದೋ ಅಲ್ಲಿಗೆ ಮೊದಲ ದೀಪ ಹಾಕಿಸಿ.